ಉತ್ಪನ್ನ ವಿನ್ಯಾಸ ದತ್ತಾಂಶ ವಿನಿಮಯ ತಂತ್ರಾಂಶ

ಒಂದು ಎಂಜಿನಿಯರಿಂಗ್ ವ್ಯವಸ್ಥೆಯಲ್ಲಿ ರೂಪುಗೊಂಡ ಉತ್ಪನ್ನದ ಆಕಾರ, ಅಳತೆ, ಜೋಡಣೆ, ವಸ್ತು ಮುಂತಾದ ವಿವರಗಳನ್ನು ಬೇರೊಂದು ವ್ಯವಸ್ಥೆ ಓದಿ ಬಳಸಬಲ್ಲ ರೂಪಕ್ಕೆ ಪರಿವರ್ತಿಸುವ ತಂತ್ರಾಂಶಗಳನ್ನು ಒಟ್ಟಾಗಿ ಉತ್ಪನ್ನ ವಿನ್ಯಾಸ ದತ್ತಾಂಶ ವಿನಿಮಯ ತಂತ್ರಾಂಶ ಎನ್ನುತ್ತಾರೆ. ವಿನ್ಯಾಸಕ್ಕೆ ಬಳಸುವ ಕ್ಯಾಡ್, ಯಂತ್ರಗಳಿಗೆ ಆದೇಶ ಸಿದ್ಧಪಡಿಸುವ ಕ್ಯಾಮ್, ಬಲ ಮತ್ತು ಶಾಖದ ಪರಿಣಾಮವನ್ನು ಲೆಕ್ಕಹಾಕುವ ಸಿಎಇ, ಉತ್ಪನ್ನದ ದಾಖಲೆಗಳನ್ನು ನಿರ್ವಹಿಸುವ ಪಿಎಲ್‌ಎಂ ಇವುಗಳ ನಡುವೆ ಈ ತಂತ್ರಾಂಶಗಳು ಕೆಲಸ ಮಾಡುತ್ತವೆ. ಅನುವಾದಕ, ದುರಸ್ತಿ ಸಾಧನ, ಪರಿಶೀಲನಾ ಸಾಧನ ಮತ್ತು ವೀಕ್ಷಕ ಇವುಗಳ ಮುಖ್ಯ ಬಗೆಗಳು.

ಈ ಲೇಖನದಲ್ಲಿ ದತ್ತಾಂಶ ಹೊರಡುವ ವ್ಯವಸ್ಥೆಯನ್ನು ಮೂಲ ವ್ಯವಸ್ಥೆ ಎಂದೂ ಅದು ತಲುಪುವ ವ್ಯವಸ್ಥೆಯನ್ನು ಗುರಿ ವ್ಯವಸ್ಥೆ ಎಂದೂ ಕರೆಯಲಾಗಿದೆ. ಯಾವುದೇ ಒಂದು ಕಂಪನಿಯ ತಂತ್ರಾಂಶಕ್ಕೆ ಸೇರದೆ, ಎಲ್ಲರಿಗೂ ತಿಳಿದ ನಿಯಮಗಳಂತೆ ಬರೆದ ಫೈಲ್ ‘ತಟಸ್ಥ ಫೈಲ್’. ತಯಾರಾದ ಭಾಗದ ಅಳತೆಯಲ್ಲಿ ಒಪ್ಪಬಹುದಾದ ಹೆಚ್ಚುಕಡಿಮೆಗೆ ‘ಟಾಲರೆನ್ಸ್’ ಎಂದೂ, ಎರಡು ಬಿಂದುಗಳನ್ನು ಒಂದೇ ಎಂದು ತಂತ್ರಾಂಶ ಪರಿಗಣಿಸುವ ಅಂತರಕ್ಕೆ ‘ನಿಖರತಾ ಮಿತಿ’ ಎಂದೂ ಹೇಳಲಾಗಿದೆ.

ಅಗತ್ಯ

ಪ್ರತಿಯೊಂದು ಕ್ಯಾಡ್ ವ್ಯವಸ್ಥೆಯೂ ವಿನ್ಯಾಸವನ್ನು ತನ್ನದೇ ಆಂತರಿಕ ರೂಪದಲ್ಲಿ ಉಳಿಸುತ್ತದೆ. ಆ ರೂಪದ ವಿವರ ಸಾಮಾನ್ಯವಾಗಿ ಅದನ್ನು ತಯಾರಿಸಿದ ಕಂಪನಿಗೆ ಮಾತ್ರ ಗೊತ್ತಿರುತ್ತದೆ. ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದೂ ಉಂಟು. ಕಾರು, ವಿಮಾನ, ಹಡಗುಗಳಂಥ ಉತ್ಪನ್ನಗಳ ಭಾಗಗಳನ್ನು ನೂರಾರು ಪೂರೈಕೆದಾರರು ತಯಾರಿಸುತ್ತಾರೆ. ಅವರೆಲ್ಲರೂ ಒಂದೇ ತಂತ್ರಾಂಶದ ಒಂದೇ ಆವೃತ್ತಿಯನ್ನು ಬಳಸುವುದಿಲ್ಲ. ಒಂದೇ ಕಂಪನಿಯೊಳಗೂ ವಿನ್ಯಾಸ ವಿಭಾಗ, ಅಚ್ಚು ವಿಭಾಗ ಮತ್ತು ವಿಶ್ಲೇಷಣಾ ವಿಭಾಗಗಳ ವ್ಯವಸ್ಥೆಗಳು ಬೇರೆ ಬೇರೆಯಾಗಿರುತ್ತವೆ.

ಪ್ರತಿ ಜೋಡಿ ವ್ಯವಸ್ಥೆಗೂ, ಪ್ರತಿ ದಿಕ್ಕಿಗೂ ಒಂದೊಂದು ಅನುವಾದಕ ಬೇಕೆಂದರೆ ಅವುಗಳ ಸಂಖ್ಯೆ ಬೇಗ ಬೆಳೆಯುತ್ತದೆ. 6 ವ್ಯವಸ್ಥೆಗಳಿಗೆ 30, 10 ವ್ಯವಸ್ಥೆಗಳಿಗೆ 90 ಅನುವಾದಕಗಳು ಬೇಕಾಗುತ್ತವೆ. ನಡುವೆ ಒಂದು ತಟಸ್ಥ ಫೈಲ್ ಇದ್ದರೆ ಪ್ರತಿ ವ್ಯವಸ್ಥೆಗೆ ಬರೆಯುವ ಒಂದು ಮತ್ತು ಓದುವ ಒಂದು ಸಾಧನ ಸಾಕು. 6ಕ್ಕೆ 12, 10ಕ್ಕೆ 20. ತಟಸ್ಥ ಫೈಲ್‌ಗಳ ಬೆಳವಣಿಗೆಗೆ ಈ ಲೆಕ್ಕವೇ ಮುಖ್ಯ ಕಾರಣ.

ಇತಿಹಾಸ

ಕಂಪ್ಯೂಟರ್ ಪರದೆಯ ಮೇಲೆ ನೇರವಾಗಿ ಚಿತ್ರ ಬರೆಯುವ ಸ್ಕೆಚ್‌ಪ್ಯಾಡ್ ವ್ಯವಸ್ಥೆಯನ್ನು ಇವಾನ್ ಸದರ್‌ಲ್ಯಾಂಡ್ 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಪ್ರಸ್ತುತಪಡಿಸಿದರು. 1970ರ ದಶಕದಲ್ಲಿ ಕಂಪ್ಯೂಟರ್‌ವಿಷನ್, ಅಪ್ಲಿಕಾನ್ ಮುಂತಾದ ಕಂಪನಿಗಳು ಕ್ಯಾಡ್ ವ್ಯವಸ್ಥೆಗಳನ್ನು ಮಾರಾಟಕ್ಕೆ ತಂದವು. ಲಾಕ್‌ಹೀಡ್‌ನಂಥ ವಿಮಾನ ಕಂಪನಿಗಳು ತಮಗೆ ಬೇಕಾದ ವ್ಯವಸ್ಥೆಗಳನ್ನು ತಾವೇ ಬರೆದುಕೊಂಡವು. ಇವುಗಳಲ್ಲಿ ಒಂದರ ಚಿತ್ರ ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. ಆದ್ದರಿಂದ ಕಂಪನಿಗಳ ನಡುವಿನ ವಿನಿಮಯ ಕಾಗದದ ನಕ್ಷೆಗಳ ಮೂಲಕವೇ ನಡೆಯುತ್ತಿತ್ತು.

1979ರಲ್ಲಿ ಅಮೆರಿಕದ ವಾಯುಪಡೆಯ ಬೆಂಬಲದೊಂದಿಗೆ ಬೋಯಿಂಗ್, ಜನರಲ್ ಎಲೆಕ್ಟ್ರಿಕ್ ಮತ್ತು ರಾಷ್ಟ್ರೀಯ ಮಾನಕ ಸಂಸ್ಥೆ ಸೇರಿ ಸಮಾನ ವಿನಿಮಯ ರೂಪವೊಂದರ ಕೆಲಸ ಆರಂಭಿಸಿದವು. ಐಜೆಸ್ ಎಂಬ ಹೆಸರಿನ ಈ ರೂಪದ ಮೊದಲ ಆವೃತ್ತಿ 1980ರಲ್ಲಿ ಹೊರಬಂದಿತು. 1981ರಲ್ಲಿ ಅದಕ್ಕೆ ಅಮೆರಿಕದ ರಾಷ್ಟ್ರೀಯ ಮಾನಕದ ಮಾನ್ಯತೆ ದೊರೆಯಿತು. ಅದೇ ವರ್ಷ ಬೋಯಿಂಗ್, ಎಲ್ಲ ಬಗೆಯ ವಕ್ರರೇಖೆ ಮತ್ತು ಮೇಲ್ಮೈಗಳನ್ನು ಒಂದೇ ಗಣಿತ ರೂಪದಲ್ಲಿ ಹೇಳಬಲ್ಲ ನರ್ಬ್ಸ್ ಪದ್ಧತಿಯನ್ನು ಐಜೆಸ್‌ಗೆ ಸೇರಿಸುವಂತೆ ಪ್ರಸ್ತಾಪಿಸಿತು. ಮುಂದೆ ನರ್ಬ್ಸ್ ಹಲವು ಪ್ರಮುಖ ವಿನಿಮಯ ರೂಪಗಳ ಆಧಾರವಾಯಿತು.

ಯುರೋಪಿನಲ್ಲಿಯೂ ಬೇರೆ ರೂಪಗಳು ಹುಟ್ಟಿದವು. ಫ್ರಾನ್ಸಿನ ಏರೋಸ್ಪಾಸಿಯಾಲ್ ಕಂಪನಿ ಎಸ್‌ಇಟಿ ಎಂಬ ರೂಪವನ್ನು ಸಿದ್ಧಪಡಿಸಿತು. ಜರ್ಮನಿಯ ವಾಹನ ಉದ್ಯಮ ಸಂಘ ಕಾರಿನ ಹೊರಮೈಯಂಥ ಮುಕ್ತ ಮೇಲ್ಮೈಗಳಿಗಾಗಿ ರೂಪಿಸಿದ ವಿಡಿಎ-ಎಫ್‌ಎಸ್, 1986ರಲ್ಲಿ ಆ ದೇಶದ ಮಾನಕವಾಯಿತು. 1982ರಲ್ಲಿ ಆಟೋಕ್ಯಾಡ್ ಜೊತೆಗೆ ಬಂದ ಡಿಎಕ್ಸ್‌ಎಫ್ ಎರಡು ಆಯಾಮದ ನಕ್ಷೆಗಳ ವಿನಿಮಯದಲ್ಲಿ ನೆಲೆಯೂರಿತು.

ದೇಶಕ್ಕೊಂದು ರೂಪ ಬೆಳೆಯುವುದನ್ನು ತಡೆಯಲು ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ 1984ರಲ್ಲಿ ತನ್ನ 184ನೆಯ ತಾಂತ್ರಿಕ ಸಮಿತಿಯ ಅಡಿಯಲ್ಲಿ ನಾಲ್ಕನೆಯ ಉಪಸಮಿತಿಯನ್ನು ರಚಿಸಿತು. ಹತ್ತು ವರ್ಷಗಳ ಕೆಲಸದ ನಂತರ, 1994ರಲ್ಲಿ, ಐಎಸ್‌ಒ 10303 ಮಾನಕದ ಮೊದಲ ಭಾಗಗಳು ಪ್ರಕಟವಾದವು. ಇದೇ ಸ್ಟೆಪ್ ಎಂದು ಪರಿಚಿತವಾಗಿರುವ ಮಾನಕ. ಐಜೆಸ್‌ನ ಕೊನೆಯ ಆವೃತ್ತಿಯಾದ 5.3 1996ರಲ್ಲಿ ಹೊರಬಂದಿತು. ಆಮೇಲೆ ಅದರ ಬೆಳವಣಿಗೆ ನಿಂತು, ಆ ಕೆಲಸ ಸ್ಟೆಪ್ ಕಡೆಗೆ ಹೊರಳಿತು.

ವಿನಿಮಯಗೊಳ್ಳುವ ದತ್ತಾಂಶ

ವಿನಿಮಯದಲ್ಲಿ ಸಾಗುವ ದತ್ತಾಂಶವನ್ನು ಐದು ಸ್ತರಗಳಾಗಿ ವಿಂಗಡಿಸಬಹುದು.

ಮೊದಲನೆಯದು ಆಕಾರ. ಇಂದಿನ ಕ್ಯಾಡ್ ವ್ಯವಸ್ಥೆಗಳು ಘನಾಕೃತಿಯನ್ನು ಹೆಚ್ಚಾಗಿ ಗಡಿ ನಿರೂಪಣೆಯ ರೂಪದಲ್ಲಿ ಇಡುತ್ತವೆ. ಘನದ ಹೊರಮೈಯನ್ನು ಮುಖಗಳಾಗಿ, ಮುಖಗಳ ಎಲ್ಲೆಯನ್ನು ಅಂಚುಗಳಾಗಿ, ಅಂಚುಗಳ ತುದಿಯನ್ನು ಶೃಂಗಗಳಾಗಿ ವಿಂಗಡಿಸಿ, ಯಾವುದು ಯಾವುದಕ್ಕೆ ತಾಗಿದೆ ಎಂಬ ಸಂಬಂಧವನ್ನೂ ದಾಖಲಿಸುವುದು ಈ ಪದ್ಧತಿ.

ಎರಡನೆಯದು ಜೋಡಣೆಯ ರಚನೆ. ಯಾವ ಭಾಗ ಯಾವ ಉಪಜೋಡಣೆಗೆ ಸೇರಿದೆ, ಎಷ್ಟು ಸಲ ಬಂದಿದೆ, ಯಾವ ಸ್ಥಾನದಲ್ಲಿ ಯಾವ ಕೋನದಲ್ಲಿ ಕೂತಿದೆ ಎಂಬ ವಿವರಗಳು ಇಲ್ಲಿ ಬರುತ್ತವೆ.

ಮೂರನೆಯದು ತಯಾರಿಕಾ ಮಾಹಿತಿ. ಅಳತೆಗಳು, ಟಾಲರೆನ್ಸ್, ಮೇಲ್ಮೈಯ ನುಣುಪು, ಬೆಸುಗೆಯ ಗುರುತುಗಳು ಇದರಲ್ಲಿ ಸೇರಿವೆ. ಉದ್ಯಮದಲ್ಲಿ ಇದಕ್ಕೆ ಪಿಎಂಐ ಎಂಬ ಹೆಸರಿದೆ.

ನಾಲ್ಕನೆಯದು ಆಡಳಿತ ವಿವರ. ಭಾಗದ ಸಂಖ್ಯೆ, ಪರಿಷ್ಕರಣೆಯ ಗುರುತು, ವಸ್ತು, ಅನುಮೋದನೆ ಮುಂತಾದವು ಇಲ್ಲಿವೆ.

ಐದನೆಯದು ವಿನ್ಯಾಸದ ಇತಿಹಾಸ. ಆಕಾರವನ್ನು ಯಾವ ಕ್ರಮದಲ್ಲಿ, ಯಾವ ಫೀಚರ್‌ಗಳಿಂದ, ಯಾವ ಅಳತೆಗಳ ಪರಸ್ಪರ ಸಂಬಂಧದಿಂದ ಕಟ್ಟಲಾಯಿತು ಎಂಬುದು ಇದರ ವಿಷಯ.

ಮೊದಲ ಸ್ತರದಿಂದ ಐದನೆಯದರ ಕಡೆಗೆ ಹೋದಂತೆ ವಿನಿಮಯ ಕಠಿಣವಾಗುತ್ತದೆ. ತಟ್ಟೆಯೊಂದರಲ್ಲಿ 8 ಮಿ.ಮೀ. ವ್ಯಾಸದ ಆರಪಾರ ರಂಧ್ರವಿದೆ ಎಂದುಕೊಳ್ಳಬಹುದು. ಮೂಲ ವ್ಯವಸ್ಥೆಯಲ್ಲಿ ಅದು ‘ರಂಧ್ರ’ ಎಂಬ ಫೀಚರ್. ವ್ಯಾಸದ ಅಂಕಿಯನ್ನು 10 ಮಾಡಿದರೆ ಆಕಾರ ತಾನಾಗಿ ಬದಲಾಗುತ್ತದೆ, ತಟ್ಟೆಯ ದಪ್ಪ ಹೆಚ್ಚಿಸಿದರೆ ರಂಧ್ರವೂ ಉದ್ದವಾಗುತ್ತದೆ. ತಟಸ್ಥ ಫೈಲ್‌ನಲ್ಲಿ ಸಾಮಾನ್ಯವಾಗಿ ಉಳಿಯುವುದು 4 ಮಿ.ಮೀ. ತ್ರಿಜ್ಯದ ಸಿಲಿಂಡರ್ ಮೇಲ್ಮೈ, ಅದರ ಎರಡು ತುದಿಗಳ ವೃತ್ತಾಕಾರದ ಅಂಚುಗಳು ಮತ್ತು ಅಕ್ಷದ ದಿಕ್ಕು. ಗುರಿ ವ್ಯವಸ್ಥೆಯಲ್ಲಿ ಆಕಾರ ನಿಖರವಾಗಿ ಕಾಣುತ್ತದೆ. ಆದರೆ ಅದು ರಂಧ್ರ ಎಂಬ ಅರಿವು ಫೈಲ್‌ನಲ್ಲಿ ಇರುವುದಿಲ್ಲ. ವಿನಿಮಯ ತಂತ್ರಾಂಶದ ನಾಲ್ಕು ದಶಕಗಳ ಬೆಳವಣಿಗೆ ಬಹುಮಟ್ಟಿಗೆ ಆಕಾರದ ಜೊತೆಗೆ ಅದರ ಅರ್ಥವನ್ನೂ ಸಾಗಿಸುವ ದಿಕ್ಕಿನಲ್ಲಿ ನಡೆದಿದೆ.

ಅನುವಾದಕದ ರಚನೆ

ಅನುವಾದಕದಲ್ಲಿ ಸಾಮಾನ್ಯವಾಗಿ ನಾಲ್ಕು ಘಟಕಗಳಿರುತ್ತವೆ. ಓದುವ ಘಟಕ ಮೂಲ ಫೈಲ್ ತೆರೆದು ಅದರಲ್ಲಿರುವ ವಸ್ತುಗಳನ್ನು ಗುರುತಿಸುತ್ತದೆ. ಹೊಂದಿಸುವ ಘಟಕ ಮೂಲದ ಪ್ರತಿಯೊಂದು ವಸ್ತುವಿಗೂ ಗುರಿ ರೂಪದಲ್ಲಿ ಸಮನಾದುದನ್ನು ಆರಿಸುತ್ತದೆ. ನೇರ ಸಮಾನವಿಲ್ಲದಿದ್ದರೆ ಹತ್ತಿರದ ರೂಪಕ್ಕೆ ಬದಲಿಸುತ್ತದೆ, ಅಥವಾ ಬಿಟ್ಟು ವರದಿಯಲ್ಲಿ ನಮೂದಿಸುತ್ತದೆ. ದುರಸ್ತಿ ಘಟಕ ಮೇಲ್ಮೈಗಳ ನಡುವಿನ ಬಿರುಕು, ಅತಿ ಸಣ್ಣ ಅಂಚು ಮುಂತಾದ ದೋಷಗಳನ್ನು ಸರಿಪಡಿಸುತ್ತದೆ. ಬರೆಯುವ ಘಟಕ ಗುರಿ ಫೈಲ್ ಸಿದ್ಧಪಡಿಸುತ್ತದೆ. ತಟಸ್ಥ ಫೈಲ್ ಮೂಲಕ ನಡೆಯುವ ವಿನಿಮಯದಲ್ಲಿ ಈ ಕೆಲಸ ಎರಡು ಹಂತಗಳಲ್ಲಿ ಆಗುತ್ತದೆ: ಮೂಲ ವ್ಯವಸ್ಥೆಯ ಪೂರ್ವ ಸಂಸ್ಕಾರಕ ತಟಸ್ಥ ಫೈಲ್ ಬರೆಯುತ್ತದೆ, ಗುರಿ ವ್ಯವಸ್ಥೆಯ ಉತ್ತರ ಸಂಸ್ಕಾರಕ ಅದನ್ನು ಓದುತ್ತದೆ.

ಆಕಾರದ ಲೆಕ್ಕವನ್ನು ಮಾಡುವ ತಂತ್ರಾಂಶದ ಒಳತಿರುಳನ್ನು ಜ್ಯಾಮಿತಿ ಕರ್ನಲ್ ಎನ್ನುತ್ತಾರೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಬೆಳೆದ ಪ್ಯಾರಾಸಾಲಿಡ್ ಈಗ ಸೀಮೆನ್ಸ್ ಒಡೆತನದಲ್ಲಿದೆ. ಅದು ಸೀಮೆನ್ಸ್‌ನ ಎನ್‌ಎಕ್ಸ್‌ನಲ್ಲಿಯೂ, ಪ್ರತಿಸ್ಪರ್ಧಿ ಡಾಸೋ ಸಿಸ್ಟಮ್ಸ್ ಕಂಪನಿಯ ಸಾಲಿಡ್‌ವರ್ಕ್ಸ್‌ನಲ್ಲಿಯೂ ಬಳಕೆಯಲ್ಲಿದೆ. ಎಸಿಐಎಸ್ ಮತ್ತೊಂದು ಪ್ರಸಿದ್ಧ ಕರ್ನಲ್. ಒಂದೇ ಕರ್ನಲ್ ಹೊಂದಿರುವ ಎರಡು ವ್ಯವಸ್ಥೆಗಳು ಆ ಕರ್ನಲ್‌ನ ಸ್ವಂತ ಫೈಲ್ ಮೂಲಕ ಆಕಾರವನ್ನು ಬಹುತೇಕ ಬದಲಾವಣೆಯಿಲ್ಲದೆ ಹಂಚಿಕೊಳ್ಳಬಲ್ಲವು.

ಪ್ರಕಾರಗಳು

ನೇರ ಅನುವಾದಕ: ಒಂದು ವ್ಯವಸ್ಥೆಯ ಸ್ವಂತ ಫೈಲನ್ನು ಮತ್ತೊಂದರ ಸ್ವಂತ ರೂಪಕ್ಕೆ ಒಂದೇ ಹಂತದಲ್ಲಿ ಬದಲಿಸುತ್ತದೆ. ಹೆಚ್ಚಿನ ವಿವರ ಉಳಿಯುವುದು ಇದರ ಲಾಭ. ಎರಡರಲ್ಲಿ ಯಾವುದರ ಆವೃತ್ತಿ ಬದಲಾದರೂ ಅನುವಾದಕವನ್ನು ಪರಿಷ್ಕರಿಸಬೇಕಾಗುವುದು ಇದರ ಮಿತಿ.

ತಟಸ್ಥ ಅನುವಾದಕ: ಸ್ಟೆಪ್, ಐಜೆಸ್‌ನಂಥ ರೂಪಗಳಿಗೆ ಬರೆಯುವ, ಅವುಗಳಿಂದ ಓದುವ ಸಾಧನ. ಬಹುತೇಕ ಎಲ್ಲ ಕ್ಯಾಡ್ ವ್ಯವಸ್ಥೆಗಳಲ್ಲಿ ಇದು ಸೇರಿಕೊಂಡೇ ಬರುತ್ತದೆ.

ಫೀಚರ್ ಆಧಾರಿತ ಅನುವಾದಕ: ವಿನ್ಯಾಸದ ಇತಿಹಾಸವನ್ನು ಓದಿ, ಗುರಿ ವ್ಯವಸ್ಥೆಯಲ್ಲಿ ಅದೇ ಹೆಜ್ಜೆಗಳನ್ನು ಮತ್ತೆ ನಡೆಸಿ ಆಕಾರವನ್ನು ಹೊಸದಾಗಿ ಕಟ್ಟುತ್ತದೆ. ಕಂಪನಿಯೊಂದು ತನ್ನ ಹಳೆಯ ವಿನ್ಯಾಸಗಳನ್ನೆಲ್ಲ ಹೊಸ ಕ್ಯಾಡ್ ವ್ಯವಸ್ಥೆಗೆ ಸಾಗಿಸುವಾಗ ಇದು ಬೇಕಾಗುತ್ತದೆ.

ಫೀಚರ್ ಗುರುತಿಸುವ ಸಾಧನ: ಇತಿಹಾಸವಿಲ್ಲದೆ ಬಂದ ಆಕಾರವನ್ನು ಪರೀಕ್ಷಿಸಿ, ಇದು ರಂಧ್ರ, ಇದು ಕಂಡಿ, ಇದು ಅಂಚಿನ ಗುಂಡುಗೆಲಸ ಎಂದು ಊಹಿಸಿ ಫೀಚರ್‌ಗಳನ್ನು ಮರಳಿ ರಚಿಸುತ್ತದೆ.

ತಂತ್ರಾಂಶ ಗ್ರಂಥಾಲಯ: ಬೇರೆ ಕಂಪನಿಗಳು ತಮ್ಮ ಉತ್ಪನ್ನಗಳೊಳಗೆ ಸೇರಿಸಿಕೊಳ್ಳುವ ಅನುವಾದ ಘಟಕಗಳು. ಹೂಪ್ಸ್ ಎಕ್ಸ್‌ಚೇಂಜ್ ಮತ್ತು ಸ್ಪೇಷಿಯಲ್ ಕಂಪನಿಯ 3ಡಿ ಇಂಟರಾಪ್ ವಾಣಿಜ್ಯ ಗ್ರಂಥಾಲಯಗಳು. ಓಪನ್ ಕ್ಯಾಸ್ಕೇಡ್ 1999ರಲ್ಲಿ ಮುಕ್ತ ಆಕರವಾಗಿ ಹೊರಬಂದ ಗ್ರಂಥಾಲಯ; ಫ್ರೀಕ್ಯಾಡ್ ತಂತ್ರಾಂಶ ಸ್ಟೆಪ್ ಮತ್ತು ಐಜೆಸ್ ಫೈಲ್‌ಗಳನ್ನು ಓದಿ ಬರೆಯುವುದು ಇದರ ನೆರವಿನಿಂದ.

ವೀಕ್ಷಕ: ಕ್ಯಾಡ್ ಪರವಾನಗಿ ಇಲ್ಲದವರೂ ಆಕಾರವನ್ನು ತಿರುಗಿಸಿ ನೋಡಲು, ಅಳೆಯಲು, ಟಿಪ್ಪಣಿ ಹಾಕಲು ನೆರವಾಗುವ ಸಾಧನ.

ಪ್ರಮುಖ ಫೈಲ್ ರೂಪಗಳು

ಐಜೆಸ್: ಇದರ ಫೈಲ್ 80 ಅಕ್ಷರಗಳ ಸಾಲುಗಳಿಂದ ರಚಿತವಾಗಿದೆ. ಈ ಅಳತೆ ಪಂಚ್‌ ಕಾರ್ಡುಗಳ ಕಾಲದಿಂದ ಬಂದದ್ದು. ಪ್ರತಿ ಸಾಲಿನ 73ನೆಯ ಅಕ್ಷರ ಅದು ಯಾವ ವಿಭಾಗಕ್ಕೆ ಸೇರಿದೆ ಎಂದು ತಿಳಿಸುತ್ತದೆ. ಆರಂಭ, ಸಾಮಾನ್ಯ ವಿವರ, ಸೂಚಿ, ನಿಯತಾಂಕ, ಸಮಾಪ್ತಿ ಎಂಬ ಐದು ವಿಭಾಗಗಳಿವೆ. ಪ್ರತಿ ಬಗೆಯ ವಸ್ತುವಿಗೂ ಒಂದು ಸಂಖ್ಯೆ ಇದೆ: ಸರಳರೇಖೆಗೆ 110, ವೃತ್ತಕಂಸಕ್ಕೆ 100, ನರ್ಬ್ಸ್ ವಕ್ರರೇಖೆಗೆ 126, ನರ್ಬ್ಸ್ ಮೇಲ್ಮೈಗೆ 128. ಘನಾಕೃತಿಯನ್ನು ಹೇಳುವ ಸೌಲಭ್ಯ ಅನಂತರ ಸೇರಿದರೂ, ಐಜೆಸ್ ಹೆಚ್ಚಾಗಿ ಬಿಡಿ ಮೇಲ್ಮೈಗಳ ವಿನಿಮಯಕ್ಕೆ ಬಳಕೆಯಾಯಿತು. ಬಿಡಿ ಮೇಲ್ಮೈಗಳನ್ನು ಗುರಿ ವ್ಯವಸ್ಥೆಯಲ್ಲಿ ಹೊಲಿದು ಘನವಾಗಿಸಬೇಕಾಗುತ್ತದೆ.

ಸ್ಟೆಪ್: ಇದು ಒಂದೇ ಫೈಲ್ ರೂಪವಲ್ಲ, ಹಲವು ಭಾಗಗಳಿರುವ ಮಾನಕಗಳ ಸಮೂಹ. 11ನೆಯ ಭಾಗ ಎಕ್ಸ್‌ಪ್ರೆಸ್ ಎಂಬ ಭಾಷೆಯನ್ನು ನಿಗದಿಪಡಿಸುತ್ತದೆ. ದತ್ತಾಂಶದ ಮಾದರಿಯನ್ನು ಮನುಷ್ಯರೂ ಕಂಪ್ಯೂಟರೂ ಓದಬಹುದಾದಂತೆ ಬರೆಯಲು ಈ ಭಾಷೆ ಇದೆ. 21ನೆಯ ಭಾಗ ಆ ಮಾದರಿಗೆ ತಕ್ಕ ದತ್ತಾಂಶವನ್ನು ಪಠ್ಯ ಫೈಲ್ ಆಗಿ ಬರೆಯುವ ಕ್ರಮವನ್ನು ಹೇಳುತ್ತದೆ. 42ನೆಯ ಭಾಗ ಜ್ಯಾಮಿತಿಗೆ ಮೀಸಲು.

21ನೆಯ ಭಾಗದ ಪ್ರಕಾರ ಬರೆದ ಫೈಲ್‌ನಲ್ಲಿ ಶಿರೋಭಾಗ ಮತ್ತು ದತ್ತಾಂಶ ಭಾಗ ಇರುತ್ತವೆ. ದತ್ತಾಂಶ ಭಾಗದ ಪ್ರತಿ ನಮೂದಿಗೂ ಒಂದು ಕ್ರಮಸಂಖ್ಯೆ, ವಸ್ತುವಿನ ಹೆಸರು ಮತ್ತು ಆವರಣದೊಳಗೆ ಅದರ ಬೆಲೆಗಳಿರುತ್ತವೆ. ಒಂದು ನಮೂದು ಇನ್ನೊಂದನ್ನು ಅದರ ಸಂಖ್ಯೆಯಿಂದ ಕರೆಯುತ್ತದೆ. ಹಿಂದೆ ಹೇಳಿದ ರಂಧ್ರವಿರುವ ತಟ್ಟೆಯಲ್ಲಿ ಘನಾಕೃತಿಯ ನಮೂದು ಮುಚ್ಚಿದ ಚಿಪ್ಪನ್ನು ತೋರಿಸುತ್ತದೆ. ಚಿಪ್ಪು ಮುಖಗಳ ಪಟ್ಟಿಯನ್ನು, ಮುಖ ತನ್ನ ಮೇಲ್ಮೈಯನ್ನೂ ಅಂಚುಗಳ ಸುತ್ತನ್ನೂ, ಅಂಚು ಶೃಂಗವನ್ನು, ಶೃಂಗ ಮೂರು ನಿರ್ದೇಶಾಂಕಗಳ ಬಿಂದುವನ್ನು ತೋರಿಸುತ್ತವೆ. ಅಳತೆಯ ಮಾನ ಮಿಲಿಮೀಟರೋ ಇಂಚೋ ಎಂಬುದೂ ಒಂದು ನಮೂದು. ಫೈಲ್ ಸರಳ ಪಠ್ಯವಾಗಿರುವುದರಿಂದ, ಅದನ್ನು ಬರೆದ ತಂತ್ರಾಂಶ ಮುಂದೆ ಇಲ್ಲವಾದರೂ ಮಾನಕದ ನೆರವಿನಿಂದ ಅದನ್ನು ಓದಬಹುದು.

ಪ್ರತಿ ಉದ್ಯಮಕ್ಕೆ ಬೇಕಾದ ದತ್ತಾಂಶದ ವ್ಯಾಪ್ತಿಯನ್ನು ಅನ್ವಯ ನಿಯಮಾವಳಿ ಎಂಬ ಭಾಗಗಳು ಗೊತ್ತುಪಡಿಸುತ್ತವೆ. ಇವಕ್ಕೆ ಎಪಿ ಎಂಬ ಸಂಕ್ಷೇಪವಿದೆ. 1994ರ ಎಪಿ 203 ಯಂತ್ರಭಾಗಗಳ ಮೂರು ಆಯಾಮದ ವಿನ್ಯಾಸಕ್ಕೆ, 2001ರ ಎಪಿ 214 ವಾಹನ ಉದ್ಯಮಕ್ಕೆ ಸಿದ್ಧವಾದವು. ಎಪಿ 209 ವಿಶ್ಲೇಷಣೆಗೆ, ಎಪಿ 210 ಎಲೆಕ್ಟ್ರಾನಿಕ್ ಜೋಡಣೆಗೆ, ಎಪಿ 238 ಕಂಪ್ಯೂಟರ್ ನಿಯಂತ್ರಿತ (ಸಿಎನ್‌ಸಿ) ಯಂತ್ರಗಳಿಗೆ, ಎಪಿ 239 ಉತ್ಪನ್ನದ ಪೂರ್ಣ ಆಯುಷ್ಯದ ನಿರ್ವಹಣೆಗೆ ಇವೆ. ಎಪಿ 203 ಮತ್ತು 214 ಎರಡನ್ನೂ ಒಂದುಗೂಡಿಸಿದ ಎಪಿ 242 2014ರಲ್ಲಿ ಬಂದಿತು. 2020 ಮತ್ತು 2022ರಲ್ಲಿ ಪರಿಷ್ಕರಣೆಗೊಂಡಿತು.

ತಯಾರಿಕಾ ಮಾಹಿತಿಯನ್ನು ಎರಡು ಬಗೆಯಲ್ಲಿ ಸಾಗಿಸಲು ಎಪಿ 242 ಅವಕಾಶ ಕೊಡುತ್ತದೆ. ಚಿತ್ರರೂಪದ ಮಾಹಿತಿಯಲ್ಲಿ ಟಾಲರೆನ್ಸ್ ಗುರುತು ಪರದೆಯ ಮೇಲೆ ಗೆರೆಗಳಾಗಿ ಕಾಣುತ್ತದೆ, ಓದುವವರು ಮನುಷ್ಯರು. ಅರ್ಥಸಹಿತ ಮಾಹಿತಿಯಲ್ಲಿ ಟಾಲರೆನ್ಸ್‌ನ ಬಗೆ, ಬೆಲೆ ಮತ್ತು ಅದು ಅನ್ವಯಿಸುವ ಮುಖ ಪ್ರತ್ಯೇಕ ನಮೂದುಗಳಾಗಿರುತ್ತವೆ. ಅಳತೆ ಯಂತ್ರದ ತಂತ್ರಾಂಶ ಅವುಗಳನ್ನು ನೇರವಾಗಿ ಓದಿ ತಪಾಸಣೆಯ ಯೋಜನೆ ರಚಿಸಬಲ್ಲದು.

ಜೆಟಿ: ದೊಡ್ಡ ಜೋಡಣೆಗಳನ್ನು ವೇಗವಾಗಿ ತೋರಿಸಲು 1990ರ ದಶಕದಲ್ಲಿ ಬೆಳೆದ ರೂಪ. ತ್ರಿಕೋನ ಜಾಲ ಮತ್ತು ಗಡಿ ನಿರೂಪಣೆ ಎರಡನ್ನೂ ಹೊರಬಲ್ಲದು. 2012ರಲ್ಲಿ ಐಎಸ್‌ಒ 14306 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ವಾಹನ ಉದ್ಯಮದಲ್ಲಿ ಇದರ ಬಳಕೆ ವ್ಯಾಪಕ.

ಎಸ್‌ಟಿಎಲ್: 3ಡಿ ಸಿಸ್ಟಮ್ಸ್ ಕಂಪನಿ 1987ರಲ್ಲಿ ತನ್ನ ಸ್ಟೀರಿಯೋಲಿಥೋಗ್ರಫಿ ಯಂತ್ರಗಳಿಗಾಗಿ ತಂದ ರೂಪ. ಆಕಾರದ ಹೊರಮೈಯನ್ನು ತ್ರಿಕೋನಗಳಾಗಿ ಒಡೆದು ಇಡುತ್ತದೆ. ಬೈನರಿ ರೂಪದಲ್ಲಿ 80 ಬೈಟ್ ಶಿರೋಭಾಗ, 4 ಬೈಟ್ ಎಣಿಕೆ, ಆಮೇಲೆ ತ್ರಿಕೋನವೊಂದಕ್ಕೆ 50 ಬೈಟ್. 1 ಲಕ್ಷ ತ್ರಿಕೋನಗಳ ಫೈಲ್ 50,00,084 ಬೈಟ್ ಆಗುತ್ತದೆ. ಅಳತೆಯ ಮಾನ, ಬಣ್ಣ, ವಸ್ತು ಯಾವುದಕ್ಕೂ ಮೂಲ ರೂಪದಲ್ಲಿ ಸ್ಥಾನವಿಲ್ಲ. ವಕ್ರಭಾಗಗಳು ಅಂದಾಜಾಗುತ್ತವೆ: 8 ಮಿ.ಮೀ. ರಂಧ್ರದ ಬಾಯಿಯನ್ನು 24 ಬದಿಗಳ ಬಹುಭುಜವಾಗಿ ಬರೆದರೆ, ಪ್ರತಿ ಬದಿಯ ನಡುಬಿಂದು ನಿಜವಾದ ವೃತ್ತದಿಂದ ಸುಮಾರು 0.034 ಮಿ.ಮೀ. ಒಳಕ್ಕೆ ಸರಿಯುತ್ತದೆ. ಈ ಕೊರತೆಗಳನ್ನು ತುಂಬಲು ಎಎಂಎಫ್ ಮತ್ತು 3ಎಂಎಫ್ ರೂಪಗಳು ಬಂದಿವೆ.

ಇತರ ರೂಪಗಳು: ಪಿಡಿಎಫ್ ಒಳಗೆ ಮೂರು ಆಯಾಮದ ಆಕಾರವನ್ನು ಇಡಲು ಪಿಆರ್‌ಸಿ, ಅಳತೆ ಮತ್ತು ತಪಾಸಣೆಯ ದತ್ತಾಂಶಕ್ಕೆ ಕ್ಯೂಐಎಫ್, ಕಟ್ಟಡಗಳಿಗೆ ಐಎಫ್‌ಸಿ ಬಳಕೆಯಲ್ಲಿವೆ. ಐಎಫ್‌ಸಿ ಕೂಡ ಸ್ಟೆಪ್‌ನ ಎಕ್ಸ್‌ಪ್ರೆಸ್ ಭಾಷೆ ಮತ್ತು 21ನೆಯ ಭಾಗದ ಫೈಲ್ ಕ್ರಮವನ್ನೇ ಆಧರಿಸಿದೆ.

ದೋಷಗಳು ಮತ್ತು ದುರಸ್ತಿ

ವಿನಿಮಯದ ದೋಷಗಳಿಗೆ ದೊಡ್ಡ ಕಾರಣ ನಿಖರತಾ ಮಿತಿಯ ವ್ಯತ್ಯಾಸ. ಕಟಿಯಾ ಎಂಬ ಕ್ಯಾಡ್ ವ್ಯವಸ್ಥೆಯ ಸಾಮಾನ್ಯ ಮಿತಿ 0.001 ಮಿ.ಮೀ., ಪ್ಯಾರಾಸಾಲಿಡ್‌ನದು 0.00001 ಮಿ.ಮೀ. ಎರಡು ಮೇಲ್ಮೈಗಳ ಅಂಚುಗಳ ನಡುವೆ 0.0005 ಮಿ.ಮೀ. ಅಂತರವಿದ್ದರೆ ಮೊದಲನೆಯದು ಅವು ಕೂಡಿವೆ ಎಂದೇ ತಿಳಿಯುತ್ತದೆ. ಎರಡನೆಯದಕ್ಕೆ ಅದು ತೆರೆದ ಬಿರುಕು. ಬಿರುಕಿರುವ ಹೊರಮೈ ಮುಚ್ಚಿದ ಘನವಾಗುವುದಿಲ್ಲ. ಘನವಾಗದಿದ್ದರೆ ಅದರ ಗಾತ್ರ, ತೂಕ ಲೆಕ್ಕಕ್ಕೆ ಸಿಗುವುದಿಲ್ಲ, ವಿಶ್ಲೇಷಣೆಗೆ ಬೇಕಾದ ಜಾಲ ರಚನೆಯೂ ನಿಲ್ಲುತ್ತದೆ. ವಿರುದ್ಧ ದಿಕ್ಕಿನಲ್ಲಿ, ಸೂಕ್ಷ್ಮ ಮಿತಿಯ ವ್ಯವಸ್ಥೆಯಲ್ಲಿ ಸರಿಯಾಗಿದ್ದ ಅತಿ ಸಣ್ಣ ಅಂಚು ಒರಟು ಮಿತಿಯ ವ್ಯವಸ್ಥೆಯಲ್ಲಿ ಬಿಂದುವಾಗಿ ಕುಗ್ಗಬಹುದು.

ಎಳೆಯಷ್ಟು ಸಪೂರವಾದ ಮುಖಗಳು, ತಿರುವುಮುರುವಾದ ಮೇಲ್ಮೈ ದಿಕ್ಕು, ತನ್ನನ್ನೇ ಛೇದಿಸುವ ಮೇಲ್ಮೈ, ಕಾಣೆಯಾದ ಮುಖ, ತಪ್ಪಾದ ಅಳತೆಯ ಮಾನ, ಕಳೆದುಹೋದ ಬಣ್ಣ ಮತ್ತು ಹೆಸರು ಇತರ ಸಾಮಾನ್ಯ ದೋಷಗಳು. ದುರಸ್ತಿ ತಂತ್ರಾಂಶಗಳು ಬಿರುಕುಗಳನ್ನು ಹೊಲಿಯುತ್ತವೆ, ಸಪೂರ ಮುಖಗಳನ್ನು ಪಕ್ಕದ ಮುಖದಲ್ಲಿ ಸೇರಿಸುತ್ತವೆ, ಅಂಚುಗಳನ್ನು ಮತ್ತೆ ಲೆಕ್ಕಹಾಕುತ್ತವೆ. ದುರಸ್ತಿ ಎಂದರೆ ಆಕಾರದಲ್ಲಿ ಸಣ್ಣ ಬದಲಾವಣೆ. ಆದ್ದರಿಂದ ಎಷ್ಟರ ಮಟ್ಟಿನ ಬದಲಾವಣೆಗೆ ಅವಕಾಶವಿದೆ ಎಂಬುದನ್ನು ಬಳಕೆದಾರರು ಮುಂಚೆಯೇ ನಿಗದಿಪಡಿಸುತ್ತಾರೆ.

ಪರಿಶೀಲನೆ

ಅನುವಾದ ಸರಿಯಾಗಿದೆಯೇ ಎಂದು ತಿಳಿಯಲು ದೃಢೀಕರಣ ಗುಣಗಳು ನೆರವಾಗುತ್ತವೆ. ಮೂಲ ವ್ಯವಸ್ಥೆ ಘನದ ಗಾತ್ರ, ಹೊರಮೈಯ ವಿಸ್ತೀರ್ಣ ಮತ್ತು ಗುರುತ್ವಕೇಂದ್ರದ ಸ್ಥಾನವನ್ನು ಲೆಕ್ಕಹಾಕಿ ಸ್ಟೆಪ್ ಫೈಲ್‌ನಲ್ಲಿಯೇ ಬರೆಯುತ್ತದೆ. ಗುರಿ ವ್ಯವಸ್ಥೆ ತಾನು ಓದಿದ ಆಕಾರದಿಂದ ಅವನ್ನೇ ಮತ್ತೆ ಲೆಕ್ಕಹಾಕಿ ಹೋಲಿಸುತ್ತದೆ. ವ್ಯತ್ಯಾಸ ಮಿತಿ ಮೀರಿದರೆ ಫೈಲ್ ತಿರಸ್ಕೃತವಾಗುತ್ತದೆ.

ತಂತ್ರಾಂಶ ಕಂಪನಿಗಳು ಪರಸ್ಪರರ ಫೈಲ್‌ಗಳನ್ನು ಪರೀಕ್ಷಿಸುವ ವೇದಿಕೆಯನ್ನು ಅಮೆರಿಕದ ಪಿಡಿಇಎಸ್ ಮತ್ತು ಜರ್ಮನಿಯ ಪ್ರೊಸ್ಟೆಪ್ ಐವಿಪ್ ಸಂಘಗಳು ನಡೆಸುತ್ತ ಬಂದಿವೆ. ಒಂದೇ ಪರೀಕ್ಷಾ ಆಕಾರವನ್ನು ಪ್ರತಿಯೊಬ್ಬರೂ ಬರೆದು, ಇತರರು ಓದಿ, ಫಲಿತಾಂಶವನ್ನು ಹೋಲಿಸುತ್ತಾರೆ. ಮಾನಕದ ಪಠ್ಯವನ್ನು ಎಲ್ಲರೂ ಒಂದೇ ರೀತಿ ಅರ್ಥೈಸಿಕೊಳ್ಳಲು ಬೇಕಾದ ಶಿಫಾರಸುಗಳೂ ಇಲ್ಲಿಂದಲೇ ಹೊರಡುತ್ತವೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಸ್ಟೆಪ್ ಫೈಲ್‌ಗಳನ್ನು ವಿಶ್ಲೇಷಿಸಿ ತೋರಿಸುವ ಉಚಿತ ತಂತ್ರಾಂಶವನ್ನೂ, ತಯಾರಿಕಾ ಮಾಹಿತಿಯ ಪರೀಕ್ಷಾ ಮಾದರಿಗಳನ್ನೂ ಒದಗಿಸಿದೆ.

ಉಪಯೋಗಗಳು

ಪೂರೈಕೆದಾರರೊಂದಿಗೆ ಸಹಕಾರ: ವಾಹನ ಮತ್ತು ವಿಮಾನ ತಯಾರಕರು ಭಾಗಗಳ ವಿನ್ಯಾಸವನ್ನು ಪೂರೈಕೆದಾರರಿಗೆ ಕಳಿಸಲು, ಅವರ ವಿನ್ಯಾಸವನ್ನು ತಮ್ಮ ಒಟ್ಟು ಜೋಡಣೆಯಲ್ಲಿ ಇಟ್ಟು ಒಂದಕ್ಕೊಂದು ತಗಲುವುದೇ ಎಂದು ನೋಡಲು ಬಳಸುತ್ತಾರೆ.

ತಯಾರಿಕೆ: ಅಚ್ಚು ಮತ್ತು ಯಂತ್ರಭಾಗಗಳ ಆಕಾರವನ್ನು ಕ್ಯಾಮ್ ತಂತ್ರಾಂಶಕ್ಕೆ ತಂದು ಸಿಎನ್‌ಸಿ ಯಂತ್ರದ ಚಲನೆಯನ್ನು ಸಿದ್ಧಪಡಿಸುವುದು. ಲೇಸರ್ ಕತ್ತರಿಕೆಯಂಥ ತಗಡಿನ ಕೆಲಸಗಳಿಗೆ ಡಿಎಕ್ಸ್‌ಎಫ್, ಮೂರು ಆಯಾಮದ ಮುದ್ರಣಕ್ಕೆ ಎಸ್‌ಟಿಎಲ್ ಮತ್ತು 3ಎಂಎಫ್ ರೂಢಿಯಲ್ಲಿವೆ.

ವಿಶ್ಲೇಷಣೆ: ಸಣ್ಣ ರಂಧ್ರ, ಅಕ್ಷರ, ಅಂಚಿನ ಗುಂಡುಗೆಲಸ ಮುಂತಾದ ಅನಗತ್ಯ ವಿವರಗಳನ್ನು ತೆಗೆದು ಸರಳಗೊಳಿಸಿದ ಆಕಾರವನ್ನು ವಿಶ್ಲೇಷಣಾ ತಂತ್ರಾಂಶಕ್ಕೆ ಒದಗಿಸುವುದು.

ವಿನ್ಯಾಸ ರಕ್ಷಣೆ: ವಿನ್ಯಾಸದ ಇತಿಹಾಸವನ್ನೂ ಒಳಭಾಗಗಳನ್ನೂ ತೆಗೆದು ಹೊರ ಆಕಾರವನ್ನಷ್ಟೇ ಗ್ರಾಹಕರಿಗೆ ಕೊಡುವುದು. ಇಲ್ಲಿ ಮಾಹಿತಿ ಕಳೆಯುವುದೇ ಉದ್ದೇಶ.

ದೀರ್ಘಕಾಲದ ಸಂಗ್ರಹ: ವಿಮಾನದ ಒಂದು ಮಾದರಿ ಹಲವು ದಶಕ ಹಾರಾಟದಲ್ಲಿರುತ್ತದೆ, ಕ್ಯಾಡ್ ತಂತ್ರಾಂಶದ ಆವೃತ್ತಿ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ವಿನ್ಯಾಸವನ್ನು ತಟಸ್ಥ ರೂಪದಲ್ಲಿ ದೃಢೀಕರಣ ಗುಣಗಳೊಂದಿಗೆ ಉಳಿಸುವ ಕ್ರಮವನ್ನು ಅಮೆರಿಕ ಮತ್ತು ಯುರೋಪಿನ ವಿಮಾನೋದ್ಯಮ ಲೋಟಾರ್ ಯೋಜನೆಯ ಮೂಲಕ ರೂಪಿಸಿದೆ. ಯುರೋಪಿನಲ್ಲಿ ಇದು ಇಎನ್ 9300 ಮಾನಕಗಳ ಸರಣಿಯಾಗಿದೆ.

ಆರ್ಥಿಕ ಪರಿಣಾಮ

ನಿಸ್ಟ್‌ಗಾಗಿ 1999ರಲ್ಲಿ ನಡೆದ ಅಧ್ಯಯನವೊಂದು, ದತ್ತಾಂಶ ಸರಿಯಾಗಿ ವಿನಿಮಯವಾಗದ ಕಾರಣ ಅಮೆರಿಕದ ವಾಹನ ಉದ್ಯಮದ ಪೂರೈಕೆ ಸರಪಳಿಗೆ ವರ್ಷಕ್ಕೆ ಕನಿಷ್ಠ 100 ಕೋಟಿ ಡಾಲರ್ ನಷ್ಟವಾಗುತ್ತಿದೆ ಎಂದು ಅಂದಾಜಿಸಿತು. ಬಳಸಲು ಬಾರದ ಫೈಲ್‌ಗಳನ್ನು ಸರಿಪಡಿಸುವ ಅಥವಾ ಆಕಾರವನ್ನು ಮತ್ತೆ ಮೊದಲಿನಿಂದ ಬರೆಯುವ ಶ್ರಮ ಇದರಲ್ಲಿ ದೊಡ್ಡ ಪಾಲು. 2002ರ ಇನ್ನೊಂದು ಅಧ್ಯಯನ ವಾಹನ, ವಿಮಾನ, ಹಡಗು ಮತ್ತು ಅಚ್ಚು ಉದ್ಯಮಗಳಲ್ಲಿ ಸ್ಟೆಪ್‌ನಿಂದ ವರ್ಷಕ್ಕೆ 92.8 ಕೋಟಿ ಡಾಲರ್ ಉಳಿತಾಯ ಸಾಧ್ಯವೆಂದೂ, ಆಗಿನ ಮಟ್ಟಿಗೆ ಅದರಲ್ಲಿ ಸುಮಾರು ಶೇ. 17 ಮಾತ್ರ ಕೈಗೂಡಿದೆ ಎಂದೂ ಹೇಳಿತು.

ವ್ಯವಸ್ಥೆಗಳ ಹೊಂದಾಣಿಕೆಯ ಕೊರತೆಗೆ ಏರ್‌ಬಸ್ ಎ380 ವಿಮಾನದ ವಿಳಂಬ ಹೆಚ್ಚು ಚರ್ಚಿತವಾದ ಉದಾಹರಣೆ. ಈ ವಿಮಾನದಲ್ಲಿ ಸುಮಾರು 530 ಕಿ.ಮೀ. ಉದ್ದದ ತಂತಿಗಳಿವೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಟಿಯಾದ ನಾಲ್ಕನೆಯ ಆವೃತ್ತಿಯೂ, ಫ್ರಾನ್ಸಿನ ಟುಲೂಸ್‌ನಲ್ಲಿ ಐದನೆಯ ಆವೃತ್ತಿಯೂ ಬಳಕೆಯಲ್ಲಿದ್ದವು. ಎರಡೂ ಒಂದೇ ಕಂಪನಿಯ ಉತ್ಪನ್ನಗಳಾದರೂ ಒಳರಚನೆ ಬೇರೆಯಾಗಿತ್ತು. ಒಂದು ಕಡೆಯ ವಿನ್ಯಾಸ ಬದಲಾವಣೆಗಳು ಇನ್ನೊಂದು ಕಡೆ ಪೂರ್ತಿಯಾಗಿ ತಲುಪದೆ, ಜರ್ಮನಿಯಿಂದ ಬಂದ ತಂತಿಗಳ ಕಟ್ಟುಗಳು ಜೋಡಣೆಯ ಸಮಯದಲ್ಲಿ ಹೊಂದಿಕೆಯಾಗಲಿಲ್ಲ. 2006ರಲ್ಲಿ ಏರ್‌ಬಸ್ ವಿಳಂಬವನ್ನು ಪ್ರಕಟಿಸಿತು. ಮೊದಲ ವಿಮಾನ ಸಿಂಗಪುರ ಏರ್‌ಲೈನ್ಸ್ ಕೈಸೇರಿದ್ದು ಮೂಲ ಯೋಜನೆಗಿಂತ ಒಂದೂವರೆ ವರ್ಷಕ್ಕೂ ಹೆಚ್ಚು ತಡವಾಗಿ, 2007ರ ಅಕ್ಟೋಬರಿನಲ್ಲಿ.

ಭಾರತದಲ್ಲಿ

ಭಾರತದ ಎಂಜಿನಿಯರಿಂಗ್ ಸೇವಾ ಉದ್ಯಮ ಬೆಳೆದಂತೆ ವಿನಿಮಯ ತಂತ್ರಾಂಶಗಳ ಬಳಕೆಯೂ ಬೆಳೆದಿದೆ. ವಿದೇಶಿ ಗ್ರಾಹಕರ ವಿನ್ಯಾಸಗಳನ್ನು ಅವರವರ ವ್ಯವಸ್ಥೆಯಲ್ಲಿ ಪಡೆದು ಅದೇ ರೂಪದಲ್ಲಿ ಹಿಂದಿರುಗಿಸುವುದು, ಹಳೆಯ ಕಾಗದದ ನಕ್ಷೆಗಳನ್ನು ಮೂರು ಆಯಾಮದ ಆಕಾರಗಳಾಗಿಸುವುದು, ಒಂದು ಕ್ಯಾಡ್ ವ್ಯವಸ್ಥೆಯ ಸಂಗ್ರಹವನ್ನು ಇನ್ನೊಂದಕ್ಕೆ ಸಾಗಿಸುವುದು ಈ ಉದ್ಯಮದ ನಿತ್ಯದ ಕೆಲಸಗಳು. ಬೆಂಗಳೂರಿನಲ್ಲಿ ಏರ್‌ಬಸ್, ಬೋಯಿಂಗ್, ಮರ್ಸಿಡಿಸ್-ಬೆಂಜ್ ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳಿವೆ. ಬೆಂಗಳೂರಿನ ವಿಪ್ರೋ 2019ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಇಂಟರ್‌ನ್ಯಾಷನಲ್ ಟೆಕ್ನಿಗ್ರೂಪ್ ಅಥವಾ ಐಟಿಐ ಎಂಬ ಕಂಪನಿಯನ್ನು ಕೊಂಡುಕೊಂಡಿತು. ದುರಸ್ತಿ ಸಾಧನವಾದ ಕ್ಯಾಡ್‌ಫಿಕ್ಸ್, ಗುಣಮಟ್ಟ ಪರೀಕ್ಷಿಸುವ ಕ್ಯಾಡ್‌ಐಕ್ಯೂ ಮತ್ತು ಫೀಚರ್ ಆಧಾರಿತ ಅನುವಾದಕವಾದ ಪ್ರೊಫಿಷಿಯೆನ್ಸಿ ಈ ಕಂಪನಿಯ ಉತ್ಪನ್ನಗಳು.

ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಅಚ್ಚು, ಫಿಕ್ಸ್‌ಚರ್, ಯಂತ್ರಭಾಗ ಮಾಡುವ ಸಣ್ಣ ಘಟಕಗಳು ಗ್ರಾಹಕರಿಂದ ಸ್ಟೆಪ್ ಅಥವಾ ಐಜೆಸ್ ಫೈಲ್ ಪಡೆದು ಸಿಎನ್‌ಸಿ ಪ್ರೋಗ್ರಾಂ ಬರೆಯುತ್ತವೆ. ಟಾಲರೆನ್ಸ್ ವಿವರಗಳಿಗಾಗಿ ಜೊತೆಗೆ ಪಿಡಿಎಫ್ ನಕ್ಷೆಯನ್ನೂ ಕಳಿಸುವುದು ವಾಡಿಕೆ. ಆಕಾರ ಒಂದು ಫೈಲ್‌ನಲ್ಲಿ, ಅಳತೆಯ ನಿಯಮಗಳು ಇನ್ನೊಂದರಲ್ಲಿ ಇರುವಾಗ ಎರಡರ ಪರಿಷ್ಕರಣೆ ಸಂಖ್ಯೆಯೂ ಒಂದೇ ಆಗಿದೆಯೇ ಎಂದು ನೋಡಿಕೊಳ್ಳುವುದು ಅಗತ್ಯ.

ಇಂದಿನ ಸ್ಥಿತಿ

ಘನಾಕೃತಿ ಮತ್ತು ಜೋಡಣೆಯ ವಿನಿಮಯದಲ್ಲಿ ಸ್ಟೆಪ್ ಈಗ ಎಲ್ಲೆಡೆ ಸಾಮಾನ್ಯ ರೂಪವಾಗಿದೆ. ಐಜೆಸ್ ಮೂರು ದಶಕಗಳಿಂದ ಬೆಳೆಯದಿದ್ದರೂ ಹಳೆಯ ಸಂಗ್ರಹಗಳಲ್ಲಿ ಮತ್ತು ಮೇಲ್ಮೈ ವಿನ್ಯಾಸದಲ್ಲಿ ಉಳಿದಿದೆ. ಹಲವು ಕ್ಯಾಡ್ ವ್ಯವಸ್ಥೆಗಳು ಇತರ ವ್ಯವಸ್ಥೆಗಳ ಸ್ವಂತ ಫೈಲನ್ನು ಪರಿವರ್ತಿಸದೆ ನೇರವಾಗಿ ತಮ್ಮ ಜೋಡಣೆಯೊಳಗೆ ಇಟ್ಟುಕೊಳ್ಳುವ ಸೌಲಭ್ಯವನ್ನೂ ಕೊಡುತ್ತಿವೆ; ಮೂಲ ಫೈಲ್ ಬದಲಾದಾಗ ಜೋಡಣೆಯೂ ಹೊಸದಾಗುತ್ತದೆ. ಅಂತರ್ಜಾಲದ ಸರ್ವರ್‌ಗಳಲ್ಲಿ ನಡೆಯುವ ಅನುವಾದ ಸೇವೆಗಳು ಮತ್ತು ಬ್ರೌಸರ್‌ನಲ್ಲಿಯೇ ಕೆಲಸ ಮಾಡುವ ವೀಕ್ಷಕಗಳು ಹೆಚ್ಚುತ್ತಿವೆ.

ಕಾಗದದ ನಕ್ಷೆಯ ಬದಲು ಮೂರು ಆಯಾಮದ ಮಾದರಿಯನ್ನೇ ಅಧಿಕೃತ ದಾಖಲೆಯಾಗಿ ಪರಿಗಣಿಸುವ ಪದ್ಧತಿ ವಿಮಾನ ಮತ್ತು ವಾಹನ ಉದ್ಯಮಗಳಲ್ಲಿ ಹರಡುತ್ತಿದೆ. ಇದಕ್ಕೆ ಟಾಲರೆನ್ಸ್ ಮತ್ತು ಇತರ ತಯಾರಿಕಾ ವಿವರಗಳು ಅರ್ಥಸಹಿತವಾಗಿ ಸಾಗಬೇಕು. ಎಪಿ 242ರ ಅನುಷ್ಠಾನ ಮತ್ತು ಪರೀಕ್ಷೆಗಳು ಈಗ ಮುಖ್ಯವಾಗಿ ಈ ಕ್ಷೇತ್ರದಲ್ಲಿ ನಡೆಯುತ್ತಿವೆ. ವಿದ್ಯುತ್ ತಂತಿಜಾಲದ ವಿವರಗಳೂ ಅದರ ವ್ಯಾಪ್ತಿಗೆ ಸೇರಿವೆ. ಫೀಚರ್ ಮತ್ತು ಅಳತೆಗಳ ಸಂಬಂಧವನ್ನು ಸಾಗಿಸಲು ಸ್ಟೆಪ್‌ನ 55, 108 ಮತ್ತು 111ನೆಯ ಭಾಗಗಳು ಪ್ರಕಟವಾಗಿದ್ದರೂ ವಾಣಿಜ್ಯ ವ್ಯವಸ್ಥೆಗಳಲ್ಲಿ ಅವುಗಳ ಬಳಕೆ ಕಡಿಮೆ. ಒಂದೇ ಹೆಸರಿನ ಫೀಚರ್‌ಗೆ ಬೇರೆ ಬೇರೆ ವ್ಯವಸ್ಥೆಗಳು ಬೇರೆ ಲೆಕ್ಕಕ್ರಮ ಅನುಸರಿಸುವುದು ಇದಕ್ಕೆ ತಾಂತ್ರಿಕ ಕಾರಣ. ಆದ್ದರಿಂದ ವಿನ್ಯಾಸದ ಇತಿಹಾಸದ ವಿನಿಮಯ ಇಂದಿಗೂ ವಿಶೇಷ ಅನುವಾದಕಗಳ ಮತ್ತು ನುರಿತ ಎಂಜಿನಿಯರುಗಳ ಕೆಲಸವಾಗಿಯೇ ಉಳಿದಿದೆ.